ಸೈಟಿನ ಅಳತೆ, ಮರದ ನೆರಳು

(ಮೈಸೂರಿನ ಒಂದು ಬಡಾವಣೆಯ ನಿವಾಸಿಗಳ ಸಭೆಯಲ್ಲಿ ಮಾತಾಡಿದ್ದರ ಬರಹ ರೂಪ ಇದು. ಮಾತಿನ ಭರದಲ್ಲಿ ಬಿಟ್ಟುಹೋಗಿದ್ದ ಕೆಲವು ವಿವರ ಸೇರಿಸಿದ್ದೇನೆ. ಕೊನೆಗೆ ಬಂದ ಪ್ರಶ್ನೆಗಳನ್ನೂ ಇಟ್ಟುಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಪರಿಸರದ ಬಗ್ಗೆ ನಾಲ್ಕು ಮಾತಾಡಿ ಅಂತ ಕರೆದಿದ್ದೀರಿ. ಪರಿಸರ ಅಂದರೆ ತುಂಬಾ ದೊಡ್ಡದಾಗುತ್ತದೆ. ನಾನು ಒಂದೇ ವಿಷಯ ಹಿಡಿದುಕೊಳ್ಳುತ್ತೇನೆ. ನಮ್ಮ ಮೈಸೂರಿನಲ್ಲಿ ಹಸಿರು ಯಾರ ಮನೆ ಹತ್ತಿರ ಇದೆ, ಯಾರ ಮನೆ ಹತ್ತಿರ ಇಲ್ಲ, ಯಾಕೆ ಹೀಗಾಯಿತು.

ಮೊಬೈಲ್ ಇರುವವರು ಈಗಲೇ ಮ್ಯಾಪ್ ತೆಗೆದು ಸ್ಯಾಟಲೈಟ್ ಚಿತ್ರ ಹಾಕಿಕೊಳ್ಳಿ. ಅರಮನೆಯನ್ನು ನಡುವೆ ಇಟ್ಟುಕೊಳ್ಳಿ. ಪಶ್ಚಿಮಕ್ಕೆ ಹೋದರೆ ಮಹಾರಾಜ ಕಾಲೇಜು, ಓವಲ್ ಮೈದಾನ, ಕ್ರಾಫರ್ಡ್ ಹಾಲ್, ಕುಕ್ಕರಹಳ್ಳಿ ಕೆರೆ, ವಿಶ್ವವಿದ್ಯಾನಿಲಯದ ಮಾನಸಗಂಗೋತ್ರಿ, ಆಹಾರ ಸಂಶೋಧನೆಯ ಸಿಎಫ್‌ಟಿಆರ್‌ಐ, ವಾಕ್ ಶ್ರವಣ ಸಂಸ್ಥೆ, ಶಿಕ್ಷಕರನ್ನು ತಯಾರು ಮಾಡುವ ಆರ್‌ಐಇ. ಒಂದರ ಪಕ್ಕ ಒಂದು, ಎಲ್ಲ ಕಡು ಹಸಿರು. ಅದರ ಸುತ್ತ ಸರಸ್ವತಿಪುರಂ, ಜಯಲಕ್ಷ್ಮೀಪುರಂ, ಗೋಕುಲಂ, ಯಾದವಗಿರಿ. ಆಗ್ನೇಯಕ್ಕೆ ಹೋದರೆ ಝೂ, ಕಾರಂಜಿ ಕೆರೆ, ಲಲಿತಮಹಲ್, ಆಮೇಲೆ ಚಾಮುಂಡಿ ಬೆಟ್ಟ. ಅದೂ ಹಸಿರೇ. ಈಗ ಬೆರಳನ್ನು ಉತ್ತರಕ್ಕೆ, ಈಶಾನ್ಯಕ್ಕೆ ತನ್ನಿ. ಮಂಡಿ ಮೊಹಲ್ಲಾ, ಲಷ್ಕರ್ ಮೊಹಲ್ಲಾ, ಎನ್.ಆರ್. ಮೊಹಲ್ಲಾ, ಉದಯಗಿರಿ, ಶಾಂತಿನಗರ, ರಾಜೀವನಗರ. ಚಿತ್ರದ ಬಣ್ಣವೇ ಬದಲಾಗುತ್ತದೆ, ಅಲ್ವಾ? ಬೂದು ಬಣ್ಣ, ಒತ್ತಾಗಿರುವ ತಾರಸಿಗಳು, ನಡುನಡುವೆ ಹೊಳೆಯುವ ತಗಡಿನ ಶೀಟುಗಳು. ಅಲ್ಲಿ ಪಾರ್ಕೇ ಇಲ್ಲ ಅಂತ ನಾನು ಹೇಳುತ್ತಿಲ್ಲ. ಆದರೆ ಅಲ್ಲಿರುವ ಜನಕ್ಕೆ ಹೋಲಿಸಿದರೆ ಹಸಿರು ಎಷ್ಟು ಕಡಿಮೆ ಅನ್ನುವುದನ್ನು ಆ ಚಿತ್ರವೇ ತೋರಿಸುತ್ತದೆ.

ಮೈಸೂರಿಗೆ ಹಸಿರು ನಗರ ಅಂತ ಹೆಸರಿದೆ. 2015ರಲ್ಲಿ, 2016ರಲ್ಲಿ ದೇಶದ ಅತ್ಯಂತ ಸ್ವಚ್ಛ ನಗರ ಅಂತ ಕೇಂದ್ರ ಸರ್ಕಾರವೇ ಪಟ್ಟಿ ಮಾಡಿತು. ನಮಗೆಲ್ಲ ಹೆಮ್ಮೆ ಆಯಿತು, ನನಗೂ ಆಯಿತು. ಇಡೀ ಊರಿಗೆ ಸಿಕ್ಕ ಹೆಸರು ಅದು. ಆದರೆ ಹಸಿರು ಮಾತ್ರ ಇಡೀ ಊರಿಗೆ ಸಿಕ್ಕಿಲ್ಲ.

ಯಾಕೆ ಸಿಕ್ಕಿಲ್ಲ ಅಂದರೆ ಬರುವ ಮೊದಲ ಉತ್ತರ, ಆ ಕಡೆಯವರಿಗೆ ಗಿಡ ಬೆಳೆಸುವ ಆಸಕ್ತಿ ಇಲ್ಲ ಅನ್ನುವುದು. ಈ ಮಾತನ್ನು ಓದಿದವರ ಬಾಯಲ್ಲೂ ಕೇಳಿದ್ದೇನೆ. ಇದು ಸುಳ್ಳು. ಯಾಕೆ ಸುಳ್ಳು ಅನ್ನುವುದನ್ನು ಬಿಡಿಸಿ ಹೇಳುವುದಕ್ಕೇ ನಾನು ಇವತ್ತು ಬಂದಿರುವುದು.

ಲೆಕ್ಕ ಹಾಕಿ ನೋಡೋಣ. 40–60 ಸೈಟು ಅಂದರೆ 2400 ಚದರಡಿ. ಮನೆ ಕಟ್ಟುವಾಗ ಸುತ್ತ ಜಾಗ ಬಿಡಬೇಕು, ಬಿಟ್ಟಿರುತ್ತೀರಿ. ಹಿಂದೆ ಒಂದು ತೆಂಗು, ಪಕ್ಕದಲ್ಲಿ ಕರಿಬೇವು, ಮುಂದೆ ದಾಸವಾಳ, ಮೇಲಕ್ಕೆ ಹಬ್ಬಿಸಿದ ಮಲ್ಲಿಗೆ ಬಳ್ಳಿ. ಗೇಟಿನ ಆಚೆ ಫುಟ್‌ಪಾತು, ಅಲ್ಲಿ ಹೊಂಗೆಯೋ ಆಕಾಶಮಲ್ಲಿಗೆಯೋ ಇರುತ್ತದೆ. ರಸ್ತೆ ಅಗಲ ಇರುವುದರಿಂದ ಮರಕ್ಕೂ ಜಾಗ, ಕಾರಿಗೂ ಜಾಗ. ಈಗ 20–30 ಸೈಟಿಗೆ ಬನ್ನಿ. 600 ಚದರಡಿ. ಗೋಡೆಗೆ ಗೋಡೆ ಅಂಟಿಕೊಂಡಿರುತ್ತದೆ. ಮೆಟ್ಟಿಲು ಚರಂಡಿಯ ಮೇಲೆ, ಬಟ್ಟೆ ಒಗೆಯುವ ಕಲ್ಲು ಚರಂಡಿಯ ಪಕ್ಕ, ಬೈಕು ಬಾಗಿಲ ಮುಂದೆ. ಗಲ್ಲಿಯ ಅಡಿಯಲ್ಲಿ ಒಳಚರಂಡಿ ಪೈಪು, ತಲೆಯ ಮೇಲೆ ಕರೆಂಟಿನ ತಂತಿ. ಗುಂಡಿ ತೋಡುವುದು ಎಲ್ಲಿ? ಹಾಗೂ ಹೀಗೂ ಒಂದು ಬೇವು ನೆಟ್ಟು ಅದು ತಂತಿಯ ಎತ್ತರಕ್ಕೆ ಬಂತು ಅನ್ನಿ, ಮಳೆಗಾಲಕ್ಕೆ ಮುಂಚೆ ಲೈನ್‌ಮನ್ ಬಂದು ತಲೆ ಸವರಿ ಹೋಗುತ್ತಾರೆ. ಅವರ ಕೆಲಸ ಅದು, ಅವರನ್ನು ಬೈಯುವ ಹಾಗಿಲ್ಲ.

ಜಾಗ ಸಿಕ್ಕಿದರೂ ನೀರು ಬೇಕು. ಸಸಿಗೆ ಮೊದಲ ಎರಡು ಮೂರು ಬೇಸಿಗೆ ನೀರು ಹಾಕಲೇಬೇಕು, ಇಲ್ಲದಿದ್ದರೆ ನಿಲ್ಲುವುದಿಲ್ಲ. ಸಂಪು, ಓವರ್‌ಹೆಡ್ ಟ್ಯಾಂಕು ಇರುವ ಮನೆಯಲ್ಲಿ ಪೈಪ್ ಹಿಡಿದರೆ ಆಯಿತು. ನಲ್ಲಿಯಲ್ಲಿ ನೀರು ಬಿಟ್ಟಾಗ ಬಿಂದಿಗೆ, ಡ್ರಮ್ಮು ತುಂಬಿಸಿಕೊಳ್ಳುವ ಮನೆಯಲ್ಲಿ ಆ ನೀರು ಅಡುಗೆಗೆ, ಸ್ನಾನಕ್ಕೆ, ಪಾತ್ರೆಗೆ ಸಾಲದು, ಇನ್ನು ರಸ್ತೆಯ ಗಿಡಕ್ಕೆ ಎಲ್ಲಿಂದ ತರುವುದು? ಅದೂ ಅಲ್ಲದೆ ಅಲ್ಲಿ ಬಾಡಿಗೆಗೆ ಇರುವವರು ಜಾಸ್ತಿ. 11 ತಿಂಗಳ ಕರಾರು ಮಾಡಿಕೊಂಡವರು ಹತ್ತು ವರ್ಷಕ್ಕೆ ನೆರಳು ಕೊಡುವ ಗಿಡವನ್ನು ಯಾವ ಧೈರ್ಯದ ಮೇಲೆ ನೆಡುತ್ತಾರೆ ಹೇಳಿ.

ಇಷ್ಟೆಲ್ಲ ಇದ್ದರೂ ನೆಡುತ್ತಾರೆ, ಅದೇ ದೊಡ್ಡ ವಿಷಯ. ಸಂಶೋಧಕರಾದ ಹರಿಣಿ ನಾಗೇಂದ್ರ ಮತ್ತು ದಿವ್ಯಾ ಗೋಪಾಲ್ ಬೆಂಗಳೂರಿನ ಸ್ಲಮ್‌ಗಳಲ್ಲಿ ಮರಗಿಡಗಳ ಅಧ್ಯಯನ ಮಾಡಿ 2014ರಲ್ಲಿ ಪ್ರಕಟಿಸಿದ್ದಾರೆ. ಮರಗಳ ಸಂಖ್ಯೆ ಕಡಿಮೆ, ನಿಜ. ಆದರೆ ಇರುವ ಮರಗಳಲ್ಲಿ ನುಗ್ಗೆ, ತೆಂಗು, ಹೊಂಗೆ, ಅರಳಿ ಮುಖ್ಯವಾದವು. ಅಂದರೆ ಊಟಕ್ಕೆ ಆಗುವುದು, ನೆರಳಿಗೆ ಆಗುವುದು, ಪೂಜೆಗೆ ಆಗುವುದು. ಒಡೆದ ಬಕೆಟ್ಟು, ಎಣ್ಣೆ ಡಬ್ಬ, ಪ್ಲಾಸ್ಟಿಕ್ ಚೀಲದಲ್ಲಿ ತುಳಸಿ, ದೊಡ್ಡಪತ್ರೆ ಬೆಳೆಸಿರುವುದನ್ನು ನೀವೂ ಯಾವ ಗಲ್ಲಿಯಲ್ಲಿ ಬೇಕಾದರೂ ನೋಡಬಹುದು. ಆಸಕ್ತಿ ಇಲ್ಲ ಅನ್ನುವವರು ಒಮ್ಮೆ ಹೋಗಿ ಆ ಡಬ್ಬಗಳನ್ನು ನೋಡಬೇಕು.

ನಾನು ಹತ್ತಿರದಿಂದ ನೋಡಿರುವ ಒಂದು ಹೊಂಗೆ ಮರದ ವಿಷಯ ಹೇಳುತ್ತೇನೆ. ಎನ್.ಆರ್. ಮೊಹಲ್ಲಾ ಕಡೆಯ ಒಂದು ಗಲ್ಲಿ, ಹೆಸರು ಬೇಡ. ಆ ಗಲ್ಲಿಗೆಲ್ಲ ಅದೊಂದೇ ದೊಡ್ಡ ಮರ. ಬುಡದ ಸುತ್ತ ಯಾರೋ ಇಟ್ಟಿಗೆ ಜೋಡಿಸಿ ಸಿಮೆಂಟ್ ಬಳಿದು ಕಟ್ಟೆ ಮಾಡಿದ್ದಾರೆ, ಕಟ್ಟೆಯ ಅಂಚು ಕೂತೂ ಕೂತೂ ನಯವಾಗಿಬಿಟ್ಟಿದೆ. ಏಪ್ರಿಲ್ ತಿಂಗಳ ಮಧ್ಯಾಹ್ನ ಅಲ್ಲಿ ಆರೇಳು ಹೆಂಗಸರು ಬೀಡಿ ಕಟ್ಟುತ್ತಾ ಕೂತಿರುತ್ತಾರೆ. ತೊಡೆಯ ಮೇಲೆ ಮೊರ, ಮೊರದ ಒಂದು ಬದಿಗೆ ತಂಬಾಕು, ಇನ್ನೊಂದು ಬದಿಗೆ ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟ ಎಲೆ. ತಗಡಿನ ಅಚ್ಚು ಇಟ್ಟು ಕತ್ತರಿಯಲ್ಲಿ ಎಲೆ ಕತ್ತರಿಸುತ್ತಾರೆ, ಚಿಟಿಕೆ ತಂಬಾಕು ಹಾಕಿ ಸುರುಳಿ ಸುತ್ತುತ್ತಾರೆ, ತುದಿ ಮಡಚಿ ದಾರ ಬಿಗಿಯುತ್ತಾರೆ. ಕಣ್ಣು ಮೊರದ ಮೇಲೆ ಇರುವುದೇ ಇಲ್ಲ, ಮಾತು ನಡೆಯುತ್ತಲೇ ಇರುತ್ತದೆ. ಕೂಲಿ ಕೊಡುವುದು ಸಾವಿರ ಬೀಡಿಗೆ ಇಷ್ಟು ಅಂತ. ಎಲೆ ಒಣಗಿದರೆ ಸುತ್ತುವಾಗ ಸೀಳುತ್ತದೆ, ಸೀಳಿದ ಎಲೆಯ ನಷ್ಟ ಕಟ್ಟುವವರ ಪಾಲಿಗೇ. ಒಳಗೆ ಯಾಕೆ ಕೂರಲ್ಲ ಅಂತ ಕೇಳಿದೆ. "ಮೇಡಂ, ಮೇಲೆ ಶೀಟು. ಹನ್ನೊಂದು ಗಂಟೆ ಆದ್ಮೇಲೆ ಒಳಗೆ ಕೂತ್ಕೊಳಕ್ಕಾಗಲ್ಲ. ನೆರಳು ಆ ಕಡೆ ಹೋದ್ರೆ ನಾವೂ ಮೊರ ಎತ್ಕೊಂಡು ಆ ಕಡೆ ಹೋಗ್ತೀವಿ" ಅಂದರು. ಅಷ್ಟರಲ್ಲಿ ಒಬ್ಬರು ಎದ್ದು ಕೊಂಬೆಗೆ ಸೀರೆ ಕಟ್ಟಿದ ತೊಟ್ಟಿಲನ್ನು ಒಮ್ಮೆ ತೂಗಿ ಬಂದು ಕೂತರು.

ಆ ಮರವನ್ನು ಯಾವ ಲೆಕ್ಕದಲ್ಲಿ ಹಿಡಿಯುತ್ತೀರಿ? ಅದು ಅವರ ಕೆಲಸದ ಜಾಗ, ಮಕ್ಕಳನ್ನು ಮಲಗಿಸುವ ಜಾಗ, ಜ್ವರದಿಂದ ಎದ್ದ ಅಜ್ಜಿ ಗಾಳಿಗೆ ಬಂದು ಕೂರುವ ಜಾಗ. ನಮ್ಮ ಬಡಾವಣೆಯಲ್ಲಿ ಒಂದು ಮರ ಬಿದ್ದರೆ ಬೇಜಾರಾಗುತ್ತದೆ, ಫೋಟೋ ಹಾಕುತ್ತೇವೆ, ಪಕ್ಕದ ಮರದ ನೆರಳಿನಲ್ಲಿ ಕಾರು ನಿಲ್ಲಿಸುತ್ತೇವೆ. ಆ ಗಲ್ಲಿಯಲ್ಲಿ ಆ ಒಂದು ಮರ ಹೋದರೆ ಅವರ ದಿನದ ಕೂಲಿಗೇ ಏಟು ಬೀಳುತ್ತದೆ.

ಇದು ಇವತ್ತಿನ ಕಥೆ ಅಲ್ಲ. 1890ರ ದಶಕದ ಕೊನೆಯಲ್ಲಿ ಮೈಸೂರಿಗೆ ಪ್ಲೇಗ್ ಬಂತು. ಕೋಟೆಯ ಒಳಗೂ ಸುತ್ತಮುತ್ತಲೂ ಜನ ಇಕ್ಕಟ್ಟಿನಲ್ಲಿದ್ದರು. ಊರನ್ನು ಬಿಡಿಸಿ ಕಟ್ಟಬೇಕು ಅಂತ 1903ರಲ್ಲಿ ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡ್ ಬಂತು. ನಮ್ಮ ಹಿರಿಯರೆಲ್ಲ ಸಿಐಟಿಬಿ ಅಂತಿದ್ದರಲ್ಲ, ಅದೇ. ಅಗಲ ರಸ್ತೆ, ಗಾಳಿ ಬೆಳಕು, ಪಾರ್ಕು, ಸಾಲುಮರ. ನಿಜಕ್ಕೂ ದೂರದೃಷ್ಟಿಯ ಕೆಲಸ, ಅದನ್ನು ಗೌರವದಿಂದಲೇ ನೆನೆಯಬೇಕು. ಆದರೆ ಆ ಹಳೇ ಬಡಾವಣೆಗಳಲ್ಲಿ ಮನೆಗಳ ಹಿಂದೆ ಕನ್ಸರ್ವೆನ್ಸಿ ಗಲ್ಲಿ ಇದೆಯಲ್ಲ, ಅದನ್ನೂ ನೋಡಬೇಕು. ಮನೆಯ ಮುಂದೆ ಮರದ ನೆರಳಿನ ರಸ್ತೆ, ಮನೆಯ ಹಿಂದೆ ಮಲ ಹೊರುವವರು ಓಡಾಡಲು ಸಣ್ಣ ದಾರಿ. ಒಂದೇ ನಕ್ಷೆಯಲ್ಲಿ ಎರಡೂ ಇದ್ದವು. ಮುಂದಿನ ರಸ್ತೆಯ ನೆರಳು ಯಾರಿಗೆ ಅಂತ ಆಗಲೇ ಬರೆದಿಟ್ಟಿತ್ತು.

ಆಮೇಲೆ ಊರು ಬೆಳೆಯಿತು. ನಗರಾಭಿವೃದ್ಧಿ ಪ್ರಾಧಿಕಾರದ ಬಡಾವಣೆ, ಗೃಹ ನಿರ್ಮಾಣ ಸಹಕಾರ ಸಂಘದ ಬಡಾವಣೆ ಆದರೆ ನಕ್ಷೆಗೆ ಒಪ್ಪಿಗೆ ಬೇಕು, ಒಪ್ಪಿಗೆ ಬೇಕಾದರೆ ಪಾರ್ಕಿಗೆ ಜಾಗ ಬಿಡಬೇಕು, ಸಿಎ ಸೈಟ್, ಅಂದರೆ ಶಾಲೆ, ಆಸ್ಪತ್ರೆಯಂಥ ನಾಗರಿಕ ಸೌಲಭ್ಯಕ್ಕೆ ಜಾಗ ಬಿಡಬೇಕು. ಆ ಸೈಟು ಕೊಳ್ಳುವ ಶಕ್ತಿ ಇದ್ದವರು ಅದರ ಜೊತೆಗೇ ಪಾರ್ಕನ್ನೂ ಕೊಂಡ ಹಾಗಾಯಿತು. ಶಕ್ತಿ ಇಲ್ಲದವರು ರೆವಿನ್ಯೂ ಸೈಟ್ ತಗೊಂಡರು. ಹೊಲವನ್ನು ಹಾಗೇ ತುಂಡು ಮಾಡಿ ಮಾರಿದವರು ಪಾರ್ಕಿಗೆ ಅಂತ ಒಂದು ಗುಂಟೆಯನ್ನೂ ಬಿಡಲಿಲ್ಲ. ಈಗ ಆ ಬಡಾವಣೆ ಸಕ್ರಮ ಆಗಿ, ರಸ್ತೆ ಬಂದು, ನೀರು ಬಂದರೂ ಪಾರ್ಕ್ ಬರುವುದಕ್ಕೆ ಜಾಗವೇ ಇಲ್ಲ. ಮನೆ ಕಟ್ಟಿದ ಮೇಲೆ ಪಾರ್ಕಿಗೆ ಜಾಗ ಹುಡುಕುವುದು ತುಂಬಾ ಕಷ್ಟ.

ಹೊರಗಿನ ದೇಶಗಳಲ್ಲೂ ಇದೇ ಪಾಡು. ಅಮೆರಿಕದ ಫೀನಿಕ್ಸ್ ನಗರದಲ್ಲಿ 2003ರಲ್ಲಿ ಪ್ರಕಟವಾದ ಒಂದು ಅಧ್ಯಯನ, ಆದಾಯ ಜಾಸ್ತಿ ಇರುವ ಬಡಾವಣೆಗಳಲ್ಲಿ ಗಿಡಗಳ ವೈವಿಧ್ಯ ಸರಾಸರಿ ಎರಡು ಪಟ್ಟು ಇದೆ ಅಂತ ತೋರಿಸಿತು. ಮರುಭೂಮಿಯ ಊರಲ್ಲಿ ಯಾವ ಗಿಡ ಎಲ್ಲಿರಬೇಕು ಅನ್ನುವುದನ್ನು ಮಣ್ಣು, ನೀರಿನಷ್ಟೇ ಮನೆಯ ವರಮಾನವೂ ನಿರ್ಧರಿಸುತ್ತಿತ್ತು. ಅದೇ ದೇಶದಲ್ಲಿ 1930ರ ದಶಕದಲ್ಲಿ ಸರ್ಕಾರದ ನಕ್ಷೆಗಳಲ್ಲಿ ಕರಿಯರು, ಬಡವರು ಇರುವ ಬಡಾವಣೆಗಳಿಗೆ ಕೆಂಪು ಬಣ್ಣ ಬಳಿದು, ಸಾಲ ಕೊಡುವುದು ಅಪಾಯ ಅಂತ ಗುರುತು ಮಾಡಿದರು. 2020ರಲ್ಲಿ ಸಂಶೋಧಕರು 108 ನಗರಗಳಲ್ಲಿ ಆ ಹಳೇ ಕೆಂಪು ಗೆರೆಯ ಒಳಗಿನ ಬಿಸಿ ಎಷ್ಟು ಅಂತ ನೋಡಿದರು. ಗೆರೆಯ ಹೊರಗಿನದಕ್ಕಿಂತ ಸರಾಸರಿ 2.6 ಡಿಗ್ರಿ ಸೆಲ್ಸಿಯಸ್ ಜಾಸ್ತಿ. ಗೆರೆ ಎಳೆದವರು ಸತ್ತು ಎಷ್ಟೋ ಕಾಲ ಆಗಿದೆ, ಗೆರೆಯ ಒಳಗಿನ ಜನ ಇನ್ನೂ ಬೇಯುತ್ತಿದ್ದಾರೆ.

ಇಲ್ಲಿ ಕೂತವರಲ್ಲಿ ಡಾಕ್ಟರುಗಳೂ ಇದ್ದೀರಿ. ಆರೋಗ್ಯದ ವಿಷಯವನ್ನು ಸ್ವಲ್ಪ ನಿಧಾನಕ್ಕೆ ಹೇಳುತ್ತೇನೆ. ರಿಚರ್ಡ್ ಮಿಚೆಲ್, ಫ್ರಾಂಕ್ ಪಾಪಮ್ ಅನ್ನುವ ಇಬ್ಬರು 2008ರಲ್ಲಿ ಲ್ಯಾನ್ಸೆಟ್ ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ ಬರೆದರು. ಇಂಗ್ಲೆಂಡಿನ ಸುಮಾರು 4 ಕೋಟಿ ಜನರ ಲೆಕ್ಕ, ಎಲ್ಲ ನಿವೃತ್ತಿ ವಯಸ್ಸಿಗಿಂತ ಕೆಳಗಿನವರು. ಬಡವರು ಶ್ರೀಮಂತರಿಗಿಂತ ಬೇಗ ಸಾಯುತ್ತಾರೆ ಅನ್ನುವುದು ಎಲ್ಲರಿಗೂ ಗೊತ್ತಿದ್ದದ್ದೇ. ಅವರು ಕೇಳಿದ ಪ್ರಶ್ನೆ ಬೇರೆ: ಹಸಿರು ಇರುವ ಕಡೆ ಈ ಅಂತರ ಕಡಿಮೆ ಆಗುತ್ತದಾ? ಹಸಿರು ಅತ್ಯಂತ ಕಡಿಮೆ ಇರುವ ಪ್ರದೇಶಗಳಲ್ಲಿ ಬಡವರ ಸಾವಿನ ಪ್ರಮಾಣ ಉಳ್ಳವರದಕ್ಕಿಂತ 1.93 ಪಟ್ಟು ಇತ್ತು. ಅತ್ಯಂತ ಹಸಿರಾದ ಕಡೆ ಅದು 1.43ಕ್ಕೆ ಇಳಿದಿತ್ತು. ಶ್ವಾಸಕೋಶದ ಕ್ಯಾನ್ಸರ್‌ನಂಥ, ಹಸಿರಿಗೂ ಅದಕ್ಕೂ ಅಷ್ಟು ಸಂಬಂಧ ಇರಲಾರದ ಕಾಯಿಲೆಗಳಲ್ಲಿ ಈ ವ್ಯತ್ಯಾಸ ಕಾಣಲಿಲ್ಲ. ಹಾಗಾಗಿ ಇದು ಸುಮ್ನೆ ಅಂಕಿಗಳ ಆಟ ಅಂತ ತಳ್ಳಿಹಾಕುವುದು ಕಷ್ಟ.

ಆದರೂ ಕೆಲವರು ಕೇಳುತ್ತಾರೆ, ಹಸಿರಿನಿಂದಲೇ ಹೀಗಾಯಿತು ಅಂತ ಹೇಗೆ ಹೇಳುತ್ತೀರಿ, ಬೇರೆ ಕಾರಣ ಇರಬಹುದಲ್ಲ ಅಂತ. ಸರಿಯಾದ ಪ್ರಶ್ನೆ. ಅದಕ್ಕೆ ಅಮೆರಿಕದ ಫಿಲಡೆಲ್ಫಿಯಾದಲ್ಲಿ ಮಾಡಿದ ಪ್ರಯೋಗ ನೋಡಬೇಕು. ಔಷಧಿ ಪರೀಕ್ಷೆ ಮಾಡುವ ಹಾಗೆ, ಊರಿನ 541 ಪಾಳು ಸೈಟುಗಳನ್ನು ಚೀಟಿ ಎತ್ತಿದಂತೆ ಗುಂಪು ಮಾಡಿದರು. ಕೆಲವು ಕಡೆ ಕಸ ತೆಗೆದು, ಹುಲ್ಲು ಹಾಕಿ, ಒಂದೆರಡು ಮರ ನೆಟ್ಟು, ಕುಳ್ಳ ಬೇಲಿ ಹಾಕಿದರು. ಕೆಲವು ಕಡೆ ಕಸ ಮಾತ್ರ ತೆಗೆದರು. ಇನ್ನು ಕೆಲವನ್ನು ಮುಟ್ಟಲೇ ಇಲ್ಲ. 2018ರಲ್ಲಿ ಫಲಿತಾಂಶ ಬಂತು. ಹಸಿರು ಮಾಡಿದ ಸೈಟುಗಳ ಸುತ್ತ ಇದ್ದವರಲ್ಲಿ, ಮನಸ್ಸು ಕುಗ್ಗಿದೆ ಅನ್ನುತ್ತಿದ್ದವರ ಪ್ರಮಾಣ ಮುಟ್ಟದೇ ಬಿಟ್ಟ ಕಡೆಗೆ ಹೋಲಿಸಿದರೆ 41.5 ಶೇಕಡಾ ಕಡಿಮೆಯಾಗಿತ್ತು, ಬಡ ಬಡಾವಣೆಗಳಲ್ಲಿ ಈ ಇಳಿಕೆ ಇನ್ನೂ ಜಾಸ್ತಿ. ಅಲ್ಲಿ ದೊಡ್ಡ ಪಾರ್ಕ್ ಕಟ್ಟಲಿಲ್ಲ, ಕಾರಂಜಿ ಹಾಕಲಿಲ್ಲ, ಪ್ರತಿಮೆ ನಿಲ್ಲಿಸಲಿಲ್ಲ. ಹುಲ್ಲು, ಒಂದೆರಡು ಮರ, ಬೇಲಿ, ನಿಯಮಿತವಾಗಿ ಬಂದು ನೋಡಿಕೊಳ್ಳುವ ಜನ. ಅಷ್ಟೇ.

ಈಗ ಇರುವ ಹಸಿರನ್ನು ಉಳಿಸಿಕೊಳ್ಳುವ ಮಾತಿಗೆ ಬರುತ್ತೇನೆ, ಯಾಕಂದರೆ ಅಲ್ಲೂ ದುಡ್ಡಿನ, ಓದಿನ, ಪರಿಚಯದ ಲೆಕ್ಕ ಇದೆ. ಬೆಂಗಳೂರಿನ ಸದಾಶಿವನಗರದಲ್ಲಿ ಪಾರ್ಕಿಗೆ ಅಂತ ಬಿಟ್ಟಿದ್ದ ಜಾಗವನ್ನು ಖಾಸಗಿ ಆಸ್ಪತ್ರೆಗೆ ಕೊಟ್ಟರು. ನಿವಾಸಿಗಳು ಕೋರ್ಟಿಗೆ ಹೋದರು, ಸುಪ್ರೀಂ ಕೋರ್ಟಿನ ತನಕ ನಡೆಯಿತು, 1991ರಲ್ಲಿ ಗೆದ್ದರು. ಪಾರ್ಕಿನ ಜಾಗ ಜನರದ್ದು, ಅದನ್ನು ಹಾಗೆಲ್ಲ ಪರಭಾರೆ ಮಾಡುವ ಹಾಗಿಲ್ಲ ಅಂತ ಬಂದ ಆ ತೀರ್ಪು ಇಡೀ ದೇಶಕ್ಕೆ ಉಪಕಾರ ಮಾಡಿದೆ. ಬಿ.ಎಸ್. ಮುದ್ದಪ್ಪ ಪ್ರಕರಣ ಅಂತ ಈಗಲೂ ವಕೀಲರು ಉಲ್ಲೇಖಿಸುತ್ತಾರೆ. ಹೋರಾಡಿದವರಿಗೆ ನನ್ನ ನಮಸ್ಕಾರ. ಆದರೆ ಯೋಚನೆ ಮಾಡಿ, ದಿನಗೂಲಿಗೆ ಹೋಗುವವರು ಎಷ್ಟು ಸಲ ವಾಯಿದೆಗೆ ಹಾಜರಾಗಲು ಸಾಧ್ಯ? ಕರ್ನಾಟಕದಲ್ಲಿ 1985ರಿಂದ ಪಾರ್ಕು, ಆಟದ ಮೈದಾನ, ಬಯಲು ಜಾಗ ಉಳಿಸುವ ಕಾಯ್ದೆ ಇದೆ. ಕಾಯ್ದೆ ಎಲ್ಲರಿಗೂ ಒಂದೇ. ಅದನ್ನು ಹಿಡಿದುಕೊಂಡು ಅರ್ಜಿ ಬರೆಯುವ, ಮಾಹಿತಿ ಹಕ್ಕಿನಲ್ಲಿ ನಕ್ಷೆ ತೆಗೆಸುವ, ಕಚೇರಿಯಲ್ಲಿ ಕುರ್ಚಿ ಕೊಟ್ಟು ಮಾತಾಡಿಸಿಕೊಳ್ಳುವ ಶಕ್ತಿ ಎಲ್ಲರಿಗೂ ಒಂದೇ ಅಲ್ಲ.

ಮರದ ಕಾಯ್ದೆಯೂ ಹಾಗೇ. 1976ರ ವೃಕ್ಷ ಸಂರಕ್ಷಣಾ ಕಾಯ್ದೆ ಪ್ರಕಾರ ಮರ ಕಡಿಯಲು ವೃಕ್ಷಾಧಿಕಾರಿಯ ಅನುಮತಿ ಬೇಕು. 50ಕ್ಕಿಂತ ಜಾಸ್ತಿ ಮರ ಇದ್ದರೆ ಸಾರ್ವಜನಿಕರ ಆಕ್ಷೇಪಣೆ ಕೇಳಬೇಕು. 2025ರ ಏಪ್ರಿಲ್‌ನಲ್ಲಿ ನಮ್ಮ ಮೈಸೂರಿನ ಹೈದರಾಲಿ ರಸ್ತೆಯಲ್ಲಿ ರಸ್ತೆ ಅಗಲ ಮಾಡಲು 40 ಮರ ಕಡಿದಾಗ ಊರಿಗೆ ಊರೇ ನೊಂದುಕೊಂಡಿತು, ಜನ ಬೀದಿಗೆ ಬಂದರು, ಬರಬೇಕಾದದ್ದೇ. ನಾನು ಹೇಳುವುದು ಇಷ್ಟು. ಆ ರಸ್ತೆಯ ಮರ ಸಾವಿರಾರು ಜನರ ಕಣ್ಣಿಗೆ ಬೀಳುತ್ತಿತ್ತು. ಗಲ್ಲಿಯ ಒಂಟಿ ಮರ ಯಾವತ್ತೂ 50ರ ಲೆಕ್ಕಕ್ಕೆ ಬರುವುದಿಲ್ಲ, ಪತ್ರಿಕೆಗೂ ಬರುವುದಿಲ್ಲ. ನಮ್ಮ ಸಿಟ್ಟು ಅಲ್ಲಿಗೂ ಹೋಗಬೇಕು.

ಪಾರ್ಕ್ ಇದ್ದರೆ ಸಾಕಾ ಅಂದರೆ, ಸಾಲದು. ನಮ್ಮ ಪಾರ್ಕುಗಳ ಬೋರ್ಡ್ ನೋಡಿ. ಬೆಳಿಗ್ಗೆ ಇಷ್ಟರಿಂದ ಇಷ್ಟು, ಸಂಜೆ ಇಷ್ಟರಿಂದ ಇಷ್ಟು. ಮಧ್ಯಾಹ್ನ ಬೀಗ. ಈ ವೇಳಾಪಟ್ಟಿ ಯಾರಿಗೆ ಅನುಕೂಲ? ಬೆಳಿಗ್ಗೆ ವಾಕಿಂಗ್ ಮಾಡುವವರಿಗೆ. ಅದೇ ಹೊತ್ತಿಗೆ ನಮ್ಮ ರಸ್ತೆ ಗುಡಿಸುವ ಪೌರಕಾರ್ಮಿಕರು ಕೆಲಸದಲ್ಲಿರುತ್ತಾರೆ, ನಮ್ಮ ಮನೆ ಪಾತ್ರೆ ತೊಳೆಯುವವರು ಮೂರನೇ ಮನೆಯಲ್ಲಿರುತ್ತಾರೆ. ಅವರಿಗೆ ಅರ್ಧ ಗಂಟೆ ಪುರುಸೊತ್ತು ಸಿಗುವುದು ಮಧ್ಯಾಹ್ನ. ಬುತ್ತಿ ಬಿಚ್ಚಿ ಊಟ ಮಾಡಲು ನೆರಳು ಬೇಕಾಗುವುದು ಆಗ. ಆಗ ಗೇಟಿಗೆ ಬೀಗ ಇರುತ್ತದೆ, ಅವರು ಪಾರ್ಕಿನ ಕಾಂಪೌಂಡಿನ ಹೊರಗೆ, ಒಳಗಿನ ಮರದ ನೆರಳು ಎಲ್ಲಿ ಬಿದ್ದಿದೆಯೋ ಅಲ್ಲಿ ಫುಟ್‌ಪಾತಿನ ಮೇಲೆ ಕೂತು ಊಟ ಮಾಡುತ್ತಾರೆ. ನಿಮ್ಮಲ್ಲಿ ಯಾರೂ ಕೆಟ್ಟವರಲ್ಲ, ನನಗೆ ಗೊತ್ತು. ಬೀಗ ಹಾಕಿದ್ದು ಕಿಡಿಗೇಡಿಗಳು ಬರಬಾರದು ಅಂತ. ಆದರೆ ಆ ಬೀಗದಿಂದ ಹೊರಗೆ ಉಳಿದವರು ಯಾರು ಅಂತ ನೋಡಿ.

ಕೆರೆಗಳೂ ಹಾಗೇ. ಕಾರಂಜಿ ಕೆರೆಗೆ ಟಿಕೆಟ್ ಇದೆ. ಒಬ್ಬರಿಗೆ ಅದು ಏನೂ ಅಲ್ಲ. ಗಂಡ, ಹೆಂಡತಿ, ಮೂರು ಮಕ್ಕಳು, ಅಜ್ಜಿ, ಆಟೋ ಚಾರ್ಜು, ಒಳಗೆ ಮಕ್ಕಳು ಕೇಳುವ ಐಸ್‌ಕ್ರೀಂ ಅಂತ ಲೆಕ್ಕ ಹಾಕಿದರೆ ವರ್ಷಕ್ಕೊಮ್ಮೆ ದಸರಾ ಹೊತ್ತಿಗೆ ಹೋಗಿ ಬರುವ ಜಾಗ ಆಗುತ್ತದೆ. ಕುಕ್ಕರಹಳ್ಳಿ, ಲಿಂಗಾಂಬುಧಿ ಇವೆ, ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ ಕೆರೆಗಳು, ನಮ್ಮ ಭಾಗ್ಯ. ಆದರೆ ಎರಡೂ ಇರುವುದು ಊರಿನ ಪಶ್ಚಿಮಕ್ಕೆ, ಈ ಕಡೆ. ರಾಜೀವನಗರದಿಂದ ಕುಕ್ಕರಹಳ್ಳಿಗೆ ಬೆಳಿಗ್ಗೆ ವಾಕಿಂಗಿಗೆ ಅಂತ ಬಸ್ ಹಿಡಿದು ಯಾರು ಬರುತ್ತಾರೆ? ನೆದರ್ಲೆಂಡ್ಸಿನ ಸೆಸಿಲ್ ಕೊನೈನೆಂಡೈಕ್ ಅನ್ನುವ ಅರಣ್ಯ ತಜ್ಞರು 2021ರಲ್ಲಿ ಒಂದು ಸುಲಭದ ಸೂತ್ರ ಕೊಟ್ಟರು. ಪ್ರತಿ ಮನೆಯಿಂದ 3 ಮರ ಕಾಣಬೇಕು, ಬಡಾವಣೆಯ 30 ಶೇಕಡಾ ಭಾಗದ ಮೇಲೆ ಮರದ ಕೊಂಬೆ ಎಲೆಗಳ ನೆರಳು ಇರಬೇಕು, 300 ಮೀಟರ್ ಒಳಗೆ ಒಂದು ಪಾರ್ಕ್ ಇರಬೇಕು. ಮನೆಗೆ ಹೋಗಿ ನಿಮ್ಮ ಕಿಟಕಿಯಿಂದ ಎಣಿಸಿ. ಆಮೇಲೆ ನಿಮ್ಮ ಮನೆ ಕೆಲಸಕ್ಕೆ ಬರುವವರನ್ನು ಕೇಳಿ, ಅವರ ಬಾಗಿಲಲ್ಲಿ ನಿಂತರೆ ಎಷ್ಟು ಮರ ಕಾಣುತ್ತದೆ ಅಂತ.

ಇನ್ನೊಂದು ಎಚ್ಚರಿಕೆ ಹೇಳಲೇಬೇಕು. ಹಸಿರು ಮಾಡುತ್ತೇವೆ ಅಂತ ಹೊರಟು ಬಡವರನ್ನು ಎತ್ತಂಗಡಿ ಮಾಡುವುದೂ ಉಂಟು. ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕ್ ಜಗತ್ಪ್ರಸಿದ್ಧ. ಅದಕ್ಕಾಗಿ 1857ರ ಹೊತ್ತಿಗೆ ಸೆನೆಕಾ ವಿಲೇಜ್ ಅನ್ನುವ, ಬಹುಪಾಲು ಕರಿಯರೇ ಸ್ವಂತ ಜಾಗ ಕೊಂಡು ಕಟ್ಟಿಕೊಂಡಿದ್ದ ಊರನ್ನೇ ಕೆಡವಿದರು. ನಮ್ಮ ಕಡೆ ಕೆರೆ ಅಭಿವೃದ್ಧಿ ಅಂದಾಗ ಮೊದಲು ಕಾಣುವುದು ದಂಡೆಯ ಗುಡಿಸಲು, ಆಮೇಲೆ ಕಾಣುವುದು ಕೆರೆಗೆ ಚರಂಡಿ ಬಿಟ್ಟ ದೊಡ್ಡ ಅಪಾರ್ಟ್‌ಮೆಂಟು. ಈ ಕ್ರಮ ತಿರುಗಬೇಕು. ಪಾರ್ಕ್ ಬಂದ ಮೇಲೆ ಬಾಡಿಗೆ ಏರುತ್ತದೆ, ಇದೂ ಸತ್ಯ. ಪಾರ್ಕ್ ಎದುರಿನ ಸೈಟಿಗೆ ಬ್ರೋಕರು ಎಷ್ಟು ಹೆಚ್ಚಿಗೆ ಕೇಳುತ್ತಾರೆ ಅಂತ ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಅದಕ್ಕೇ ನನ್ನ ಆಸೆ, ಒಂದೇ ಕಡೆ ಕೋಟಿ ಸುರಿದು ಥೀಮ್ ಪಾರ್ಕ್ ಮಾಡುವ ಬದಲು ಗಲ್ಲಿ ಗಲ್ಲಿಗೂ ಚಿಕ್ಕ ಚಿಕ್ಕ ನೆರಳು ಹಂಚಬೇಕು ಅನ್ನುವುದು. ಬಸ್ ಸ್ಟಾಪಿನ ಪಕ್ಕ, ನೀರಿನ ಟ್ಯಾಂಕಿನ ಪಕ್ಕ, ಅಂಗನವಾಡಿ ಮುಂದೆ, ತರಕಾರಿ ಗಾಡಿ ನಿಲ್ಲುವ ಕಡೆ.

ಮಾತು ಮುಗಿದ ಮೇಲೆ ಮುಂದಿನ ಸಾಲಿನಲ್ಲಿದ್ದ ಒಬ್ಬರು ಹಿರಿಯರು ಎದ್ದು ಕೇಳಿದರು: "ಮೇಡಂ, ಜಾಗವೇ ಇಲ್ಲ ಅಂತ ನೀವೇ ಹೇಳಿದ್ರಿ. ಇನ್ನೆಲ್ಲಿ ನೆಡೋದು?"

ಒಳ್ಳೆಯ ಪ್ರಶ್ನೆ ಸಾರ್. ಹೊಸ ಜಾಗ ಕೊಳ್ಳುವ ಮೊದಲು ಇರುವ ಜಾಗ ತೆರೆಯಬೇಕು. ಸರ್ಕಾರಿ ಶಾಲೆಗಳ ಅಂಗಳ ಇದೆ. ಸಂಜೆ ನಾಲ್ಕೂವರೆ ಮೇಲೆ ಬೀಗ, ಭಾನುವಾರ ಪೂರ್ತಿ ಬೀಗ, ಬೇಸಿಗೆ ರಜೆಯಲ್ಲಿ ಎರಡು ತಿಂಗಳು ಬೀಗ. ಅಲ್ಲಿ ಮರ ನೆಟ್ಟು, ಒಬ್ಬ ಕಾವಲುಗಾರರನ್ನು ಇಟ್ಟು ಬಡಾವಣೆಯ ಮಕ್ಕಳಿಗೆ ಬಿಟ್ಟರೆ ಆ ವಾರ್ಡಿಗೆ ಒಂದು ಪಾರ್ಕ್ ಸಿಕ್ಕ ಹಾಗೆ. ಖಬರಸ್ತಾನಗಳಲ್ಲಿ, ರುದ್ರಭೂಮಿಗಳಲ್ಲಿ ಹಳೇ ಮರಗಳಿವೆ, ಅಂಚಿನಲ್ಲಿ ಇನ್ನಷ್ಟು ನೆಡಬಹುದು, ಅಲ್ಲಿಯ ಸಮಿತಿಯವರನ್ನು ಕೇಳಿಯೇ ಮಾಡಬೇಕು. ರಾಜಕಾಲುವೆಯ ಎರಡೂ ಬದಿ ಇದೆ. ಮರ ಬೆಳೆಸಲು ಆಗದೇ ಇರುವಷ್ಟು ಕಿರಿದಾದ ಗಲ್ಲಿಯಲ್ಲಿ ಬಳ್ಳಿ ಹಬ್ಬಿಸಿದ ಚಪ್ಪರ ಹಾಕಬಹುದು, ಶೀಟಿಗೆ ಬಿಳಿ ಬಣ್ಣ ಬಳಿಯಬಹುದು. ಅದು ಮರಕ್ಕೆ ಸಮ ಅಲ್ಲ, ಆದರೆ ಒಳಗಿನ ಬಿಸಿ ಇಳಿಯುತ್ತದೆ.

ಇನ್ನೊಬ್ಬ ತಾಯಿ ಕೇಳಿದರು, ನಾವು ತೆರಿಗೆ ಕಟ್ಟುತ್ತೇವೆ, ನಮ್ಮ ಪಾರ್ಕಿಗೆ ಬರುವ ದುಡ್ಡು ಕಡಿಮೆ ಮಾಡಿ ಅಂತ ಹೇಳುತ್ತಿದ್ದೀರಾ ಅಂತ. ಇಲ್ಲಮ್ಮ, ನಿಮ್ಮ ಪಾರ್ಕಿನ ಒಂದು ಗಿಡವನ್ನೂ ಕೀಳಬೇಕು ಅಂತ ನಾನು ಹೇಳಲ್ಲ. ಹೊಸದಾಗಿ ಬರುವ ದುಡ್ಡು ಮೊದಲು ಎಲ್ಲಿಗೆ ಹೋಗಬೇಕು ಅನ್ನುವುದಷ್ಟೇ ನನ್ನ ಮಾತು. ಇರುವ ವಾಕಿಂಗ್ ಪಾತ್ ಕಿತ್ತು ಇನ್ನೊಂದು ಬಣ್ಣದ ಟೈಲ್ಸ್ ಹಾಕುವುದಕ್ಕಿಂತ ಮುಂಚೆ, ನೆರಳೇ ಇಲ್ಲದ ವಾರ್ಡಿನಲ್ಲಿ ಸಸಿಗೆ ನೀರು ಹಾಕುವ ಟ್ಯಾಂಕರಿಗೆ ಆ ದುಡ್ಡು ಹೋಗಲಿ. ತೆರಿಗೆ ಅವರೂ ಕಟ್ಟುತ್ತಾರೆ. ಸೋಪಿನ ಮೇಲೆ, ಎಣ್ಣೆಯ ಮೇಲೆ, ಬೆಂಕಿಪೊಟ್ಟಣದ ಮೇಲೆ.

ನಮ್ಮ ಸಂಘದ ಕೈಯಲ್ಲಿ ಆಗುವ ಕೆಲಸ ಏನು ಅಂತ ನಿವಾಸಿಗಳ ಸಂಘದ ಅಧ್ಯಕ್ಷರು ಕೇಳಿದರು. ಮೂರು ವಿಷಯ ಹೇಳಿದೆ. ಮಧ್ಯಾಹ್ನ ಪಾರ್ಕಿನ ಗೇಟ್ ತೆಗೆದಿಡಿ, ಕುಡಿಯುವ ನೀರು, ಶೌಚಾಲಯದ ಬೀಗದ ಕೈ ಮಾಲಿಯ ಹತ್ತಿರ ಇರಲಿ. ಪಾಲಿಕೆಗೆ ಅರ್ಜಿ ಬರೆಯುವುದು ನಿಮಗೆ ರೂಢಿ ಇದೆಯಲ್ಲ, 65 ವಾರ್ಡುಗಳಲ್ಲಿ ಯಾವ ವಾರ್ಡಿನಲ್ಲಿ ಎಷ್ಟು ಪಾರ್ಕಿನ ಜಾಗ, ಎಷ್ಟು ಮರ, ಪಾರ್ಕಿಗೆ ಎಷ್ಟು ಖರ್ಚು ಅಂತ ಪಟ್ಟಿ ಕೇಳಿ ಒಂದು ಅರ್ಜಿ ಹಾಕಿ. ಪಟ್ಟಿ ಬಂದ ಮೇಲೆ ಕೊನೆಯ ಹತ್ತು ವಾರ್ಡಿನವರನ್ನು ಇದೇ ಹಾಲಿಗೆ ಕರೆಯಿರಿ, ಏನು ಬೇಕು ಅಂತ ಅವರೇ ಹೇಳಲಿ. ಮೂರನೆಯದು ಸಸಿ. ಜೂನ್‌ನಲ್ಲಿ ಮಳೆ ಹಿಡಿದ ಮೇಲೆ ನೆಡಬೇಕು, ಗುಂಡಿ ಮೇ ತಿಂಗಳಲ್ಲೇ ತೋಡಿ ಬಿಸಿಲಿಗೆ ಬಿಟ್ಟಿರಬೇಕು. ಗಲ್ಲಿಗೆ ಹೊಂಗೆ, ಬೇವು ಸಾಕು. ತಂತಿ ಕೆಳಗೆ ಇದ್ದರೆ ನುಗ್ಗೆ, ಕರಿಬೇವು. ಆಳೆತ್ತರದ ಸಸಿಯನ್ನೇ ತನ್ನಿ, ಚಿಕ್ಕದನ್ನು ಆಡು ಬಿಡುವುದಿಲ್ಲ. ಟ್ರೀ ಗಾರ್ಡ್ ಕಬ್ಬಿಣದ್ದೇ ಇರಲಿ. ಯಾವ ಮನೆ ಮುಂದೆ ನೆಡುತ್ತೀರೋ ಆ ಮನೆಯವರನ್ನು ಮೊದಲು ಕೇಳಿ, ಯಾವ ಗಿಡ ಬೇಕು ಅಂತ ಅವರೇ ಹೇಳಲಿ. ಡಿಸೆಂಬರಿನಿಂದ ಮೇ ತನಕ ನೀರಿನ ವ್ಯವಸ್ಥೆ ಯಾರದ್ದು, ದುಡ್ಡು ಎಲ್ಲಿಂದ ಅನ್ನುವುದನ್ನು ಗುಂಡಿ ತೋಡುವ ಮುಂಚೆಯೇ ಬರೆದಿಟ್ಟುಕೊಳ್ಳಿ.